ಮುಳುಗಡೆ: ನೀರು ಒಂದೇ, ಕಡತ ಬೇರೆ ಬೇರೆ

ಸಾಗರ, ಹೊಸನಗರದ ಕಡೆ ವಯಸ್ಸಾದವರನ್ನು ಊರು ಯಾವುದೆಂದು ಕೇಳಿದರೆ ಕೆಲವರು ಊರಿನ ಹೆಸರು ಎತ್ತುವ ಮೊದಲೇ 'ನಾವು ಮುಳುಗಡೆಯವರು' ಎನ್ನುತ್ತಾರೆ. ಬಾಗಲಕೋಟೆಯಲ್ಲಿ ಮನೆ ಕೊಳ್ಳುವವರ ಮೊದಲ ಪ್ರಶ್ನೆಯಲ್ಲೇ ಈ ಮಾತಿರುತ್ತದೆ: 'ಈ ಓಣಿ ಮುಳುಗಡಿಗೆ ಬರ್ತೈತೇನ್ರಿ?' ಬನವಾಸಿಯ ಸುತ್ತ ಜುಲೈ ತಿಂಗಳಲ್ಲಿ ವರದಾ ಹೊಳೆ ಏರಿ 'ಗದ್ದೆ ಮುಳುಗಡೆಯಾಯ್ತು' ಎಂದರೆ ಸಸಿ ಉಳಿದೀತೇ ಎಂಬ ವಾರದ ಆತಂಕ. ಬೆಂಗಳೂರಿನಲ್ಲಿ ಅದೇ ಸುದ್ದಿ ಅಂಡರ್‌ಪಾಸಿನದ್ದು, ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರಿನದ್ದು.

ಸಾಲದಲ್ಲಿ ಮುಳುಗುವುದು, ಕೆಲಸದಲ್ಲಿ ಮುಳುಗುವುದು, ಮನೆತನವೇ ಮುಳುಗುವುದು ಇವೆಲ್ಲ ಆಡುಮಾತಿನ ಸಂಪತ್ತು. ಅವುಗಳಿಂದ ಯಾರಿಗೂ ನಷ್ಟವಿಲ್ಲ, ಕೇಳುವವನಿಗೆ ಅರ್ಥ ತಾನಾಗಿಯೇ ಹೊಳೆಯುತ್ತದೆ. ತೊಡಕು ಶುರುವಾಗುವುದು ಪದ ಕಡತಕ್ಕೆ ಹತ್ತಿದಾಗ. ನೀರಾವರಿ ನಿಗಮದ ಮುಳುಗಡೆ ಬೇರೆ, ತಹಶೀಲ್ದಾರರ ಮುಳುಗಡೆ ಬೇರೆ, ವಿಮಾ ಕಂಪನಿಯ ಮುಳುಗಡೆ ಬೇರೆ. ಒಂದನ್ನು ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಅಳೆಯುತ್ತಾರೆ, ಇನ್ನೊಂದನ್ನು ದಿನ ಮತ್ತು ಶೇಕಡಾದಲ್ಲಿ, ಮತ್ತೊಂದನ್ನು ಬೆಳೆಯ ಜಾತಿ ಮತ್ತು ಗಂಟೆಯ ಲೆಕ್ಕದಲ್ಲಿ. ನೀರು ಹೊಕ್ಕ ಮನೆಯವರು ಒಂದೇ ಮಾತಿನಲ್ಲಿ 'ಮುಳುಗಿದ್ದೇವೆ' ಎನ್ನುತ್ತಾರೆ. ಪರಿಹಾರ ಸಿಗುವುದೂ ತಪ್ಪುವುದೂ ಅವರ ಮುಳುಗಡೆ ಯಾವ ಕಡತದ್ದು ಎಂಬುದರ ಮೇಲೆ.

ಅಣೆಕಟ್ಟೆಯ ಮುಳುಗಡೆಯಿಂದ ತೊಡಗೋಣ. ಇದು ನೀರು ಬರುವ ಮೊದಲೇ ಕಾಗದದ ಮೇಲೆ ನಡೆದುಹೋಗುವ ಮುಳುಗಡೆ. ಪ್ರತಿ ಜಲಾಶಯಕ್ಕೂ ಒಂದು ಪೂರ್ಣ ಮಟ್ಟವಿದೆ. ಶರಾವತಿಯ ಲಿಂಗನಮಕ್ಕಿಗೆ ಅದು 1,819 ಅಡಿ, ಕೃಷ್ಣೆಯ ಆಲಮಟ್ಟಿಗೆ ಈಗ 519.60 ಮೀಟರ್. ಆ ಎತ್ತರಕ್ಕೆ ನೆಲದ ಮೇಲೆ ಒಂದು ಸಮಗೆರೆ ಎಳೆದರೆ ಗೆರೆಯ ಕೆಳಗಿನದು ಮುಳುಗಡೆ, ಮೇಲಿನದು ಅಲ್ಲ. ಗೆರೆಯ ಕೆಳಗಿನ ಜಮೀನಿನ ಮೇಲೆ ನೀರು ವರ್ಷಕ್ಕೆ ಎಷ್ಟು ದಿನ ನಿಲ್ಲುತ್ತದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಲಿಂಗನಮಕ್ಕಿ ಪ್ರತಿವರ್ಷ ತುಂಬುವ ಜಲಾಶಯವಲ್ಲ. ಮೇಲಂಚಿನ ಎಷ್ಟೋ ಗದ್ದೆಗಳು ಸಾಲಾಗಿ ಹಲವು ವರ್ಷ ಒಣಗಿಯೇ ಇರುತ್ತವೆ, ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದರೊಳಗೆ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಮೇಲೇಳುತ್ತದೆ. ಆದರೂ ಆ ಗದ್ದೆಗಳು ಕಾನೂನಿನ ಪ್ರಕಾರ 1964ರಿಂದಲೂ ನೀರಿನಡಿಯಲ್ಲೇ ಇವೆ. ಸ್ವಾಧೀನವಾದ ದಿನವೇ ಭೂಮಿ ಸರ್ಕಾರದ್ದಾಯಿತು. ನೀರು ಇಳಿದಾಗ ಅಲ್ಲಿ ಹುರುಳಿಯನ್ನೋ ಉದ್ದನ್ನೋ ಬಿತ್ತಿದರೆ ಅದು ರೂಢಿಯ ಬಲದಿಂದ ನಡೆಯುವ ಬೇಸಾಯ. ಬೆಳೆ ಕೈಗೆ ಬರುವ ಮೊದಲು ನೀರೇರಿದರೆ ಕೇಳುವ ಹಕ್ಕಿಲ್ಲ.

ಆಲಮಟ್ಟಿಯ ವಿಷಯದಲ್ಲಿ ಈ ಎತ್ತರದ ಲೆಕ್ಕ ಇಡೀ ಜಿಲ್ಲೆಯ ದಿನನಿತ್ಯದ ಮಾತಾಗಿದೆ. ಬಾಗಲಕೋಟೆಯ ಹಳೆಯ ಪೇಟೆ ಘಟಪ್ರಭೆಯ ದಂಡೆಯಲ್ಲಿದೆ. ಆ ನದಿ ಮುಂದೆ ಹೋಗಿ ಆಲಮಟ್ಟಿಗಿಂತ ಮೇಲೆಯೇ ಕೃಷ್ಣೆಯನ್ನು ಕೂಡುವುದರಿಂದ ಜಲಾಶಯ ತುಂಬಿದರೆ ಹಿನ್ನೀರು ಊರ ಬಾಗಿಲಿಗೇ ಬಂದು ನಿಲ್ಲುತ್ತದೆ. ಅದಕ್ಕಾಗಿ ಕಟ್ಟಿದ್ದು ನವನಗರ. 521 ಮೀಟರ್, 523 ಮೀಟರ್ ಎಂದು ಮಟ್ಟದ ಲೆಕ್ಕ ಹಿಡಿದು ಓಣಿ ಓಣಿಯನ್ನು ಎಬ್ಬಿಸಿದ್ದರಿಂದ, ಸರ್ವೆಯ ಗಂಧವಿಲ್ಲದ ಅಂಗಡಿಕಾರರಿಗೂ ತಮ್ಮ ಮಳಿಗೆಯ ಹೊಸ್ತಿಲು ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬುದು ಗೊತ್ತು. ಇಂಥ ಜ್ಞಾನ ಬೇರೆ ಊರಿನವರಿಗೆ ಇಲ್ಲ, ಬೇಕಾಗುವುದೂ ಬೇಡ.

ಇಲ್ಲೊಂದು ಪ್ರಶ್ನೆ ಸಹಜ. ಜಲಾಶಯದ ಮಟ್ಟವೇ 519.60 ಆಗಿರುವಾಗ 521, 523 ಎಲ್ಲಿಂದ ಬಂತು? ನಿಂತ ನೀರು ಸಮತಟ್ಟಾಗಿರುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತದ್ದು ಸರಿಯೇ. ಆದರೆ ಜಲಾಶಯದ ಹಿಂಬದಿಯಲ್ಲಿ ನೀರು ನಿಂತಿರುವುದಿಲ್ಲ, ಹೊಳೆಯಾಗಿ ಬರುತ್ತಲೇ ಇರುತ್ತದೆ. ಸಂತೆಯ ಬಾಗಿಲಲ್ಲಿ ಜನ ನಿಧಾನವಾದರೆ ಹಿಂದಿನ ರಸ್ತೆ ತುಂಬಿಕೊಳ್ಳುವ ಹಾಗೆ, ಜಲಾಶಯಕ್ಕೆ ಸೇರುವ ಕಡೆ ಹೊಳೆಯ ವೇಗ ತಗ್ಗಿ, ನೀರಿನ ಮೈ ಹಿಂದಕ್ಕೆ ಹೋದಷ್ಟೂ ಮೇಲೇರುತ್ತದೆ. ವೇಗ ತಗ್ಗಿದಲ್ಲೇ ಹೂಳೂ ಕೂರುತ್ತದೆ, ಹೂಳು ಕೂತಷ್ಟೂ ನದಿಯ ತಳ ಏರುತ್ತದೆ. ಹಾಗಾಗಿ ಅಣೆಕಟ್ಟೆಯ ಗೇಟಿನ ಬಳಿ ಒಂದು ಮಟ್ಟವಾದರೆ, ಹತ್ತಾರು ಕಿಲೋಮೀಟರ್ ಹಿಂದೆ ಮಹಾಪೂರ ಬಂದ ದಿನ ಇನ್ನೊಂದು. ಈ ಬಾಗಿದ ಗೆರೆಯನ್ನು ಲೆಕ್ಕ ಹಾಕುವುದು ಎಂಜಿನಿಯರರ ಕೆಲಸ. ಎಷ್ಟು ಪೂರ ಬರುತ್ತದೆ, ಎಷ್ಟು ವರ್ಷದ ಹೂಳು ಕೂರುತ್ತದೆ ಎಂದು ಅವರು ಹಿಡಿದುಕೊಂಡ ಊಹೆಗೆ ತಕ್ಕಂತೆ ಗೆರೆ ಒಂದು ಓಣಿ ಆಚೆ ಅಥವಾ ಈಚೆ ಸರಿಯುತ್ತದೆ.

ಎರಡು ರಾಜ್ಯಗಳ ಜಗಳವೂ ಕೊನೆಗೆ ಬಂದು ನಿಲ್ಲುವುದು ಈ ಗೆರೆಯ ಮೇಲೆಯೇ. 2005, 2019, 2021ರಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಆಲಮಟ್ಟಿಯ ಹಿನ್ನೀರು ತಮ್ಮವರೆಗೂ ಒತ್ತುತ್ತದೆ ಎಂದು ಮಹಾರಾಷ್ಟ್ರದಲ್ಲಿ ಕೂಗೆದ್ದಿತು. ಅಷ್ಟು ದೂರಕ್ಕೆ ಅದರ ಪ್ರಭಾವ ತಲುಪದು ಎನ್ನುವುದು ಕರ್ನಾಟಕದ ಉತ್ತರ. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಮಹಾರಾಷ್ಟ್ರದ ಆಕ್ಷೇಪವನ್ನು ಒಪ್ಪದೆ ಜಲಾಶಯವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿತು. ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಆ ಐತೀರ್ಪು ಗೆಜೆಟ್ ಕಾಣದೆ ಉಳಿದಿದೆ. ಅಂದಹಾಗೆ, ಮಿಲಿಮೀಟರ್‌ವರೆಗೂ ತೂಗಿದಂತೆ ಕಾಣುವ ಈ 524.256ರ ಗುಟ್ಟು ಸರಳ. ಅದು ಹಳೆಯ ಲೆಕ್ಕದ 1,720 ಅಡಿ, ಅಷ್ಟೇ. ದುಂಡು ಅಂಕಿಯೊಂದು ಮೀಟರಿನ ವೇಷ ತೊಟ್ಟಾಗ ಬಹಳ ಕರಾರುವಾಕ್ಕಾಗಿ ಕಾಣುತ್ತದೆ.

ಅಣೆಕಟ್ಟೆಯ ಮುಳುಗಡೆಗೆ ಹಣದ ಬೆಲೆಯೂ ನಿಗದಿಯಾಗಿದೆ. ಆಲಮಟ್ಟಿ ಎತ್ತರಿಸಿದಾಗ ಮುಳುಗುವ 75 ಸಾವಿರಕ್ಕೂ ಹೆಚ್ಚು ಎಕರೆಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಶರಾವತಿಯವರಿಗೆ ಇಂಥ ಮಾತು ಕೇಳಿದರೆ ಏನೆನಿಸಬೇಡ! 1960ರ ದಶಕದಲ್ಲಿ ಅವರನ್ನು ಲಾರಿ ಹತ್ತಿಸಿ ಕಾಡಿನ ನಡುವೆ ಇಳಿಸಿದರು. ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯ ಬಿಡಿಸಿಕೊಡುವ ಅಧಿಕಾರ ರಾಜ್ಯಕ್ಕಿಲ್ಲ. ಹಾಗಿದ್ದೂ ಹೊರಡಿಸಿದ ಆದೇಶ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ಇಂದಿಗೂ ಪಹಣಿಗಾಗಿ ಅಲೆಯುತ್ತಿದ್ದಾರೆ. ಶರಾವತಿ ಯೋಜನೆಯ ಕಚೇರಿಯಲ್ಲೇ ಕೆಲಸ ಮಾಡಿದ್ದ ನಾ. ಡಿಸೋಜ ತಮ್ಮ ಕಾದಂಬರಿಯೊಂದಕ್ಕೆ 'ಮುಳುಗಡೆ' ಎಂದೇ ಹೆಸರಿಟ್ಟರು, ಇನ್ನೊಂದಕ್ಕೆ 'ದ್ವೀಪ' ಎಂದು.

ಆ ಎರಡನೆಯ ಹೆಸರಿನಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಗದ ಒಂದು ಸ್ಥಿತಿ ಅಡಗಿದೆ. ಮನೆಯೂ ಮುಳುಗಲಿಲ್ಲ, ತೋಟವೂ ಮುಳುಗಲಿಲ್ಲ, ದಾರಿ ಮಾತ್ರ ಮುಳುಗಿತು. ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಊರುಗಳ ಕಥೆ ಇದೇ. ಲಿಂಗನಮಕ್ಕಿ ತುಂಬಿದ ಮೇಲೆ ತಾಲ್ಲೂಕು ಕೇಂದ್ರಕ್ಕೂ ಅವಕ್ಕೂ ನಡುವೆ ಹಿನ್ನೀರು ಬಂತು. ಸ್ವಾಧೀನದ ಪಟ್ಟಿಯಲ್ಲಿ ಹೆಸರಿಲ್ಲವಾದ್ದರಿಂದ ಅವರು 'ಮುಳುಗಡೆ ಸಂತ್ರಸ್ತರು' ಅಲ್ಲ. ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಲಾಂಚಿನ ಕೊನೆಯ ಸರತಿ ಎಷ್ಟು ಗಂಟೆಗೆ ಎಂದು ನೋಡಬೇಕಿತ್ತು. ಅಂಬಾರಗೊಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟೆಗೂ ಸೇತುವೆಗೂ ನಡುವೆ ಅರವತ್ತು ವರ್ಷ ದಾಟಿತ್ತು. ರಾಯಚೂರಿನ ಕುರ್ವಕುಲಾದಂಥ ಕೃಷ್ಣೆಯ ನಡುಗಡ್ಡೆಗಳಲ್ಲಿ ಪ್ರತಿ ಪ್ರವಾಹಕ್ಕೂ ಇದೇ ಪಾಡು ಸಣ್ಣದಾಗಿ ನಡೆಯುತ್ತದೆ. ಪತ್ರಿಕೆಗಳು 'ಜಲಾವೃತ' ಎಂದು ಬರೆಯುತ್ತವೆ. ನೀರು ಸುತ್ತುವರಿದದ್ದಕ್ಕೆ ಪರಿಹಾರದ ಮಾರ್ಗಸೂಚಿಯಲ್ಲಿ ಸಾಲೇ ಇಲ್ಲ. ಡೇರಿಗೆ ಹಾಕಲಾಗದೆ ಚೆಲ್ಲಿದ ಹಾಲಿಗೆ ಬೆಲೆ ಕಟ್ಟುವವರೂ ಇಲ್ಲ.

ಇನ್ನೊಂದು ಕಾಣದ ಮುಳುಗಡೆ ನೆಲದೊಳಗಿನದು. ಹಿನ್ನೀರಿನ ಅಂಚಿನ ಹೊಲದಲ್ಲಿ ಮೇಲೆ ನೀರಿಲ್ಲ, ಆದರೆ ಬೇರಿನ ಮಟ್ಟಕ್ಕೆ ಬಸಿ ಏರಿರುತ್ತದೆ. ಎರೆಮಣ್ಣಾದರೆ ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು ಹೂಬಿಡುತ್ತದೆ. ಉತ್ತರ ಕರ್ನಾಟಕದವರು ಇದನ್ನು ಸವಳು–ಜವಳು ಎನ್ನುತ್ತಾರೆ. ಗೆರೆಯಿಂದ ಮೇಲಿರುವ ಹೊಲ, ಸ್ವಾಧೀನಕ್ಕೆ ಬಾರದ ಹೊಲ, ಪಹಣಿಯಲ್ಲಿ ಇನ್ನೂ ರೈತನ ಹೆಸರಿನಲ್ಲೇ ಇರುವ ಹೊಲ. ಜೋಳ ಮಾತ್ರ ಮೊಣಕಾಲ ಮೇಲೆ ಬರುವುದಿಲ್ಲ. ನನ್ನನ್ನು ಕೇಳಿದರೆ ಇದು ಎಲ್ಲಕ್ಕಿಂತ ಕ್ರೂರ. ಮುಳುಗಿದ ಹೊಲದವನಿಗೆ ಕೈಗೆ ಒಂದಿಷ್ಟು ಹಣವಾದರೂ ಬಂದು ಬೇರೆ ದಾರಿ ಹಿಡಿಯಬಹುದು, ಇವನಿಗೆ ಹೊಲ ಬಿಡಲೂ ಆಗದು ಉಳಲೂ ಆಗದು.

ಈಗ ತಹಶೀಲ್ದಾರರ ಮುಳುಗಡೆಗೆ ಬರೋಣ. ಇದು ಬಂದು ಹೋಗುವ ನೀರಿನದು. ಮಲೆನಾಡಿನಲ್ಲಿ ನೆರೆ, ಕೃಷ್ಣೆಯ ದಂಡೆಯಲ್ಲಿ 'ಹೊಳಿ ಬಂತು'. ಇಲ್ಲಿ ಎತ್ತರದ ಗೆರೆಯಿಲ್ಲ, ಭೂಮಿಯ ಹಕ್ಕು ಕಳೆದುಹೋಗುವುದಿಲ್ಲ. ಹಾಗೆಂದೇ ಹಣವೂ ಬೇರೆ ಅಳತೆಯದು. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ ಶೇ 33ಕ್ಕಿಂತ ಕಡಿಮೆಯಿಲ್ಲದಷ್ಟು ಹಾನಿಯಾಗಿದ್ದರೆ, ಅದೂ ಎರಡು ಹೆಕ್ಟೇರಿನವರೆಗೆ. ರಾಜ್ಯ ಸರ್ಕಾರ ಆಗಾಗ ಇದರ ಮೇಲೆ ತನ್ನ ಪಾಲು ಸೇರಿಸುತ್ತದೆ, ಆದರೆ ಬುನಾದಿ ಇದೇ. ಈ ಮೊತ್ತಕ್ಕೆ ಬೆಳೆಯ ಬೆಲೆ ಎಂದು ಹೆಸರಲ್ಲ, ಮುಂದಿನ ಬಿತ್ತನೆಗೆ ನೆರವು ಎಂದು. ಪರಿಹಾರ ಎಂಬ ಮಾತು ಕೇಳಿ ನಷ್ಟ ತುಂಬಿಕೊಡುತ್ತಾರೆಂದು ನಂಬಿದವರು ಬ್ಯಾಂಕಿನ ಪಾಸ್‌ಬುಕ್ ನೋಡಿ ಬೇಸ್ತು ಬೀಳುವುದು ಇಲ್ಲಿಯೇ.

ಮನೆಯ ವಿಷಯ ಇನ್ನೂ ಸೂಕ್ಷ್ಮ. ಅದೇ ಮಾನದಂಡದ ಪ್ರಕಾರ ಬಟ್ಟೆಬರೆಗೆ 2,500, ಪಾತ್ರೆಪಗಡಕ್ಕೆ 2,500 ರೂಪಾಯಿ ಸಿಗಬೇಕಾದರೆ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಹಾಳಾಗಿರಬೇಕು ಅಥವಾ ಎರಡು ದಿನಕ್ಕಿಂತ ಹೆಚ್ಚು ನೀರಿನಲ್ಲಿ ಮುಳುಗಿರಬೇಕು. ಎರಡು ದಿನ ಎಂಬ ಅಳತೆ ಯಾರ ಮನೆಯನ್ನು ನೋಡಿ ಇಟ್ಟದ್ದೋ! ಮಲಪ್ರಭೆಯ ದಂಡೆಯ ಮನೆಯೊಂದರಲ್ಲಿ ಒಂದೇ ರಾತ್ರಿ ನೀರು ನಿಂತು ಹೋಯಿತೆನ್ನಿ. ಕೆಳಸಾಲಿನ ಜೋಳದ ಚೀಲಗಳು ನೀರು ಕುಡಿದಿರುತ್ತವೆ. ಮೂರನೆಯ ದಿನಕ್ಕೆ ಚೀಲದೊಳಗೆ ಕೈ ಹಾಕಿದರೆ ಬಿಸಿ, ನಾಲ್ಕನೆಯ ದಿನಕ್ಕೆ ಮೊಳಕೆ, ಆಮೇಲೆ ಹುಳಿವಾಸನೆ. ಕೌದಿಗಳು ಒಣಗಲು ಬಿಸಿಲಿಲ್ಲ. ಪೆಟ್ಟಿಗೆಯಲ್ಲಿದ್ದ ಪಹಣಿ, ರೇಷನ್ ಕಾರ್ಡು, ಹುಡುಗರ ಅಂಕಪಟ್ಟಿ ಒಂದಕ್ಕೊಂದು ಅಂಟಿಕೊಂಡು ಹಲಗೆಯಾಗಿರುತ್ತವೆ. ನಷ್ಟವಾಗುವುದಕ್ಕೆ ನೀರು ಎರಡು ದಿನ ಕೂರಬೇಕಾಗಿಲ್ಲ.

2019ರ ಪ್ರವಾಹದ ನಂತರ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದದ್ದು ಎ, ಕಾಲು ಪಾಲಿನಿಂದ ಮುಕ್ಕಾಲರವರೆಗಿನದು ಬಿ, ಅದಕ್ಕಿಂತ ಕಡಿಮೆಯಾದರೆ ಸಿ. ಎ ಎಂದರೆ ಐದು ಲಕ್ಷ ರೂಪಾಯಿ, ಸಿ ಎಂದರೆ ಐವತ್ತು ಸಾವಿರ. ಗ್ರಾಮ ಲೆಕ್ಕಿಗರು, ಎಂಜಿನಿಯರು, ಪಂಚಾಯಿತಿಯವರು ಬಂದು ಗೋಡೆ ನೋಡಿ, ಫೋಟೊ ತೆಗೆದು ತಂತ್ರಾಂಶಕ್ಕೆ ಏರಿಸಿದರೆಂದರೆ ಆ ಅಕ್ಷರವೇ ಮನೆಯ ಜಾತಕ. ಆದರೆ ಮಣ್ಣಿನ ಗೋಡೆಗೆ ಅದರದೇ ಸ್ವಭಾವವಿದೆ. ಸುತ್ತಲೂ ನೀರು ನಿಂತಿರುವಾಗ ಒಳಗಿನ ಒತ್ತಡವೂ ಹೊರಗಿನದೂ ಸರಿತೂಗಿ ಗೋಡೆ ನಿಂತೇ ಇರುತ್ತದೆ. ನೀರಿಳಿದ ಮೇಲೆ ನೆನೆದು ಭಾರವಾದ ಗೋಡೆಯ ಬುಡ ಮೆತ್ತಗಾಗಿರುತ್ತದೆ. ಬಿಸಿಲು ಬಿದ್ದು ಒಂದು ಮೈ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಮೇಲ್ಮುದ್ದೆ ಮನೆಯಾದರೆ ಮೇಲಿನ ಮಣ್ಣಿನ ಭಾರವೂ ಸೇರಿ ಎರಡು ಮೂರು ವಾರಕ್ಕೆ ಕುಸಿಯುತ್ತದೆ. ಅಷ್ಟರಲ್ಲಿ ಸಮೀಕ್ಷೆ ಮುಗಿದು ಮನೆ ಸಿ ಆಗಿರುತ್ತದೆ. ನೀರಿಳಿದ ತಿಂಗಳ ಮೇಲೆ ಎರಡನೆಯ ಸಲ ನೋಡುವ ಪದ್ಧತಿಯನ್ನು ಕಡ್ಡಾಯ ಮಾಡಿದರೆ ತಾಲ್ಲೂಕು ಕಚೇರಿಗಳ ಮುಂದಿನ ಅರ್ಧ ಜಗಳ ನಿಂತೀತು. ಸಿಬ್ಬಂದಿ ಕೊರತೆ ಎಂಬ ಉತ್ತರ ಸಿದ್ಧವಾಗಿರುತ್ತದೆ, ಗೊತ್ತು. ಆದರೆ ಅರ್ಜಿ, ಮರುಅರ್ಜಿ, ಧರಣಿ, ಮರುಸಮೀಕ್ಷೆಗೂ ಅದೇ ಸಿಬ್ಬಂದಿಯೇ ಓಡಾಡಬೇಕಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಮಳೆಯ ನಂತರ ಸರ್ಕಾರ ಎರಡೂ ಬಗೆಯ ಮುಳುಗಡೆಯನ್ನು ಬೆರೆಸಿತು. ಬಂದು ಹೋಗುವ ನೀರಿಗೆ ಅಣೆಕಟ್ಟೆಯ ಮದ್ದು ಕೊಟ್ಟು ಊರನ್ನೇ ಮೇಲಕ್ಕೆ ಸ್ಥಳಾಂತರಿಸುವ 'ಆಸರೆ' ಮನೆಗಳು ಎದ್ದವು. ಹಲವು ಕಡೆ ಜನ ಅಲ್ಲಿ ನಿಲ್ಲದೆ ಹಳೆ ಊರಿಗೇ ಮರಳಿದರು. ಹೊಲ ಅಲ್ಲೇ ಇದೆ, ದನ ಕಟ್ಟಲು ಹೊಸ ಮನೆಯಲ್ಲಿ ಜಾಗವಿಲ್ಲ, ಹೊಳೆಯೇನೂ ಪ್ರತಿವರ್ಷ ಮನೆಗೆ ಬರುವುದಿಲ್ಲ. ಇದನ್ನು ಹಠ ಎಂದು ಬೈಯುವುದು ಸುಲಭ. ಅವರ ಲೆಕ್ಕದಲ್ಲಿ ಮಾತ್ರ ತಮ್ಮದು ಎಂದೂ ಕಾಯಂ ಮುಳುಗಡೆಯಾಗಿರಲಿಲ್ಲ.

ವಿಮೆಯ ಮುಳುಗಡೆ ಇನ್ನೊಂದು ಲೋಕ. ಫಸಲ್ ಬಿಮಾ ಯೋಜನೆಯಲ್ಲಿ ಬೆಳೆ ಮುಳುಗಡೆಯು ಆಲಿಕಲ್ಲು, ಭೂಕುಸಿತದ ಸಾಲಿನ 'ಸ್ಥಳೀಯ ವಿಕೋಪ'. ಅಂದರೆ ಇಡೀ ಪಂಚಾಯಿತಿಯ ಇಳುವರಿ ನೋಡದೆ ನಿಮ್ಮ ಹೊಲವನ್ನೇ ನೋಡಿ ತೀರ್ಮಾನಿಸುತ್ತಾರೆ. ಷರತ್ತು ಒಂದೇ, 72 ಗಂಟೆಯೊಳಗೆ ತಿಳಿಸಬೇಕು. ಕರೆ ಮಾಡಲು 14447 ಎಂಬ ಸಂಖ್ಯೆ ಇದೆ. ಆದರೆ 2018ರ ಪರಿಷ್ಕೃತ ಮಾರ್ಗಸೂಚಿ ಭತ್ತ, ಕಬ್ಬು, ಸೆಣಬಿನಂಥ ನೀರು ಬಯಸುವ ಬೆಳೆಗಳನ್ನು ಈ ಮುಳುಗಡೆಯಿಂದ ಹೊರಗಿಟ್ಟಿತು. ಗದ್ದೆಯಲ್ಲಿ ನೀರು ನಿಲ್ಲುವುದು ಸಹಜವೇ ಅಲ್ಲವೇ, ಅದು ಮುಳುಗಡೆ ಹೇಗಾದೀತು ಎಂಬ ತರ್ಕ. ಪಾದ ಮುಳುಗುವಷ್ಟು ನೀರಿಗೂ ಸುಳಿ ಮುಚ್ಚುವಷ್ಟು ನೀರಿಗೂ ಇರುವ ವ್ಯತ್ಯಾಸ ಗದ್ದೆಗಿಳಿದ ಯಾರಿಗೂ ಗೊತ್ತು. ಸಾಮಾನ್ಯ ತಳಿಯ ಭತ್ತ ತಲೆ ಮುಚ್ಚಿ ವಾರ ದಾಟಿದರೆ ಕೊಳೆಯುತ್ತದೆ. ಹದಿನೈದು ದಿನ ತಡೆಯುವ ಸ್ವರ್ಣ ಸಬ್–1ರಂಥ ತಳಿಗಳು ಇವೆಯಾದರೂ ವರದಾ ತೀರದ ಎಲ್ಲ ಗದ್ದೆಗೂ ಅವು ಬಂದಿಲ್ಲ. ಕೊನೆಗೆ 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 2026ರ ಮುಂಗಾರಿನಿಂದ ಭತ್ತದ ಮುಳುಗಡೆಯನ್ನು ಮತ್ತೆ ಸೇರಿಸುವುದಾಗಿ ಪ್ರಕಟಿಸಿತು. ನಡುವಿನ ಏಳೆಂಟು ಮಳೆಗಾಲ ವಿಮೆಯ ಪುಸ್ತಕದಲ್ಲಿ ಭತ್ತ ಮುಳುಗಲೇ ಇಲ್ಲ.

ನಗರದವರೂ ಈ ಉರುಳಿನಿಂದ ಹೊರಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದಾಗ ಅನೇಕರಿಗೆ ತಮ್ಮ ಪಾಲಿಸಿಯ ಸಣ್ಣಕ್ಷರ ಓದುವ ಪ್ರಸಂಗ ಬಂತು. ಪ್ರವಾಹದಲ್ಲಿ ಕಾರಿನ ಮೈಗೆ ಆದ ಹಾನಿಗೆ ವಿಮೆಯಿದೆ. ನೀರಿಳಿದ ಮೇಲೆ ಕೀಲಿ ತಿರುಗಿಸಿ, ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಅದು ಪ್ರವಾಹದ ಹಾನಿಯಲ್ಲ, ನಿಮ್ಮ ಅಜಾಗ್ರತೆಯ ಫಲ ಎಂದು ಕಂಪನಿಗಳು ಕೈತೊಳೆದುಕೊಳ್ಳಬಹುದು. ಎಂಜಿನ್ ರಕ್ಷಣೆಗೆ ಬೇರೆಯೇ ಕಂತು ಕಟ್ಟಿರಬೇಕು.

ಇಷ್ಟು ಅರ್ಥಗಳಿರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಣೆಕಟ್ಟೆಗೆ ಎತ್ತರದ ಗೆರೆ ಬೇಕು, ಖಜಾನೆಗೆ ಒಂದು ಮಿತಿ ಬೇಕು, ವಿಮೆಗೆ ಷರತ್ತು ಬೇಕು. ಆದರೆ ಪ್ರತಿ ಅರ್ಥವೂ ಅಳೆಯುವವರ ಅನುಕೂಲಕ್ಕೆ ಹುಟ್ಟಿದೆ. ನೀರು ಎಲ್ಲಿಯವರೆಗೆ ಬಂತೆಂಬ ಗೋಡೆಯ ಮೇಲಿನ ಕೆಸರಿನ ಗೆರೆ ಎಲ್ಲರಿಗೂ ಕಾಣುವಂಥದು. ಕಡತದ ಗೆರೆ ಮಾತ್ರ ಆಡಳಿತದ ಭಾಷೆಯಲ್ಲಿ, ಅದೂ ಹಲವು ಬಾರಿ ಇಂಗ್ಲಿಷಿನಲ್ಲಿ, ಘಟನೆ ಮುಗಿದ ಮೇಲೆ ತಿಳಿಯುತ್ತದೆ. ಮಳೆಗಾಲಕ್ಕೆ ಮೊದಲು ಗ್ರಾಮಸಭೆಯಲ್ಲಿ ಇದನ್ನು ಓದಿ ಹೇಳಲು ಖರ್ಚೇನೂ ಇಲ್ಲ.

ಆಲಮಟ್ಟಿಯನ್ನು ಎತ್ತರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಜಮೀನು ಬಿಡಬೇಕಾದವರಿಗೆ ಇದು ದೂರದ ಮಾತಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ನೋಟಿಸು ಕೈಗೆ ಬಂದಾಗ ಎಕರೆಯ ದರಕ್ಕಿಂತ ಮೊದಲು ನೋಡಬೇಕಾದದ್ದು ಸರ್ವೆ ನಂಬರಿನ ಎದುರು ಯಾವ ಮಟ್ಟ ಬರೆದಿದ್ದಾರೆ, ಜಮೀನಿನ ಎಷ್ಟು ಗುಂಟೆ ಗೆರೆಯ ಕೆಳಗೆ ಬಂದಿದೆ, ಉಳಿದ ತುಂಡಿಗೆ ಗಾಡಿದಾರಿ ಇದೆಯೇ ಎಂಬುದನ್ನು. ಮೂರೆಕರೆಯಲ್ಲಿ ಎರಡು ಹೋಗಿ ಒಂದೆಕರೆ ನೀರಿನ ಆಚೆ ಉಳಿಯುವುದಾದರೆ ಆ ಒಂದೆಕರೆಯನ್ನೂ ಸೇರಿಸಿಕೊಳ್ಳಿ ಎಂದು ಬರೆದು ಕೇಳಬೇಕಾದ್ದು ಆ ಅರವತ್ತು ದಿನದೊಳಗೇ.